ಪೇನಾ ಅಕ್ಕನ ಬಿಳಿ ಅಂಗಿ

ಹೋದ ತಿಂಗಳು ತಿರುಪ್ಪೂರಿನಲ್ಲಿ ನನ್ನ ಗಾಡಿ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ತೇಪೆ ಹಾಕಿ ಬಿಸಿ ಮಾಡಿದ. ಸುಟ್ಟ ರಬ್ಬರಿನ, ಗಂಧಕದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಪೆದ್ದನಂತೆ ನಗುತ್ತಾ ನಿಂತುಬಿಟ್ಟೆ. "ಎನ್ನಾಚು ಸಾರ್?" ಏನಾಯಿತೆಂದು ಕೇಳಿದ ಅವನು. ಏನೆಂದು ಹೇಳಲಿ? ನಲವತ್ತು ವರ್ಷದ ಹಿಂದೆ ನನ್ನ ಮದುವೆ ಇದೇ ವಾಸನೆಯನ್ನು ನೆಚ್ಚಿಕೊಂಡು ಕೂತಿತ್ತು ಎಂದರೆ ನಂಬುತ್ತಾನೆಯೇ...

ಕರುಮತ್ತಂಪಟ್ಟಿಯಲ್ಲಿ ನಮ್ಮದು ನಾಲ್ಕು ಪವರ್‌ಲೂಮಿನ ಮನೆ. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು, ನನಗೆ ರಜೆ. ಅಂಥ ಒಂದು ದಿನ ಅಪ್ಪನ ಒಡೆದ ಪೇನಾ, ಅದೇ ಶಾಯಿ ಪೆನ್ನು, ರಿಪೇರಿಗೆಂದು ಪಟ್ಟಣದ ಆರ್.ಎಸ್. ಪುರಂನ ಒಂದು ಸಂದಿಗೆ ಹೋದೆ. ಐವತ್ತು ದಾಟಿದ ಹೆಂಗಸೊಬ್ಬರು, ಸೀರೆಯ ಮೇಲೆ ಗಂಡಸರ ಬಿಳಿ ಅಂಗಿ ತೊಟ್ಟು, ಕಾಲಿನಲ್ಲಿ ತುಳಿಯುವ ಲೇತಿನ ಮುಂದೆ ಕೂತಿದ್ದರು. ಪೇನಾ ಮಾಡುವ ಗಟ್ಟಿ ರಬ್ಬರಿನ ಕಪ್ಪು ಸರಳು ಗಿರ್ರನೆ ತಿರುಗುತ್ತಿತ್ತು. ಉಳಿ ತಾಗಿದಲ್ಲೆಲ್ಲ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತಿತ್ತು, ಜೊತೆಗೆ ಅದೇ ಗಂಧಕದ ಘಾಟು. ಉಳಿ ಜಾರಿತು ನೋಡಿ, ಅವರು ಲೇತಿಗೆ ಬೈದದ್ದು ಅಪ್ಪಟ ನಮ್ಮ ಮನೆಯ ಕನ್ನಡದಲ್ಲಿ! "ನಿನ್ನ ಬಾಯಿಗೆ ಮಣ್ಣು ಹಾಕ!"

"ಯಾರ ಬಾಯಿಗಕ್ಕ?" ಎಂದೆ. ಅವರು ತಿರುಗಿ ನೋಡಿ ನಕ್ಕರು. ಅಂದಿನಿಂದ ಅವರು ನನಗೆ ಪೇನಾ ಅಕ್ಕ. ಕರೆಂಟು ಹೋದ ದಿನವೆಲ್ಲ ನಾನು ಅವರ ಶಿಷ್ಯ.

ಆ ಅಂಗಿ ತೀರಿಹೋದ ಅವರ ಯಜಮಾನರದು, ಲೇತೂ ಅವರದೇ. ಹೊಸ ಪೇನಾ ಆದರೆ ಶಾಯಿ ತುಂಬಿ, ನಿಬ್ಬು ಕೆಳಗೆ ಮಾಡಿ ಆ ಅಂಗಿಯ ಜೇಬಿನಲ್ಲಿ ಒಂದು ದಿನವಿಡೀ ಇಟ್ಟುಕೊಳ್ಳುತ್ತಿದ್ದರು. ಜೇಬು ಬೆಳ್ಳಗೆ ಉಳಿದರೆ ಪೇನಾ ಪಾಸು. ನನ್ನದಂತೂ ಜೇಬಿನ ತನಕ ಹೋಗುವ ಲಕ್ಷಣವೇ ಇರಲಿಲ್ಲ. ಮೊದಲ ಸರಳು ಮುರಿಯಿತು. ಎರಡನೆಯದಕ್ಕೆ ಕೊರೆದ ತೂತು ಪಕ್ಕದಿಂದ ಆಚೆ ಬಂತು. ಮೂರನೆಯದು ಮೂಲಂಗಿಯ ಹಾಗಾಯಿತು. "ಪರವಾ ಇಲ್ಲ ಕಣ್ಣು, ಸಾಂಬಾರಿಗೆ ಆಗ್ತದೆ" ಎಂದರು ಅಕ್ಕ. ಮುದ್ದಿಗೆ ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ, ಕಣ್ಣು ಎಂದು.

ಇಷ್ಟರಲ್ಲಿ ಕಿಣತ್ತುಕಡವಿನಲ್ಲಿ ಹೆಣ್ಣು ನೋಡಿದೆವು. ಹುಡುಗಿಯ ಅಪ್ಪ ಸ್ಕೂಲ್ ಮೇಷ್ಟ್ರು. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಬಾಗಿಲ ಸಂದಿಯಲ್ಲಿ ಹುಡುಗಿ ನಿಂತಿದ್ದಳಲ್ಲ, ನನ್ನ ಬಾಯಿ ಸುಮ್ಮನಿರಬೇಕೆ? "ಪೇನಾ ಮಾಡ್ತೀನಿ" ಎಂದುಬಿಟ್ಟೆ. ಮೇಷ್ಟ್ರಿಗೆ ಖುಷಿಯೋ ಖುಷಿ. "ಹಾಗಾದ್ರೆ ನಿಶ್ಚಿತಾರ್ಥದ ದಿನ ನಿಮ್ಮ ಪೇನಾದಲ್ಲೇ ಲಗ್ನಪತ್ರಿಕೆ ಬರೀತೀನಿ!" ಎಂದರು. ನಮ್ಮ ದೊಡ್ಡಮ್ಮನದು ದಾರಿಯುದ್ದಕ್ಕೂ ಒಂದೇ ಮಾತು: ಲಗ್ನಪತ್ರಿಕೆಯ ಮೇಲೆ ಶಾಯಿ ಚೆಲ್ಲಿದರೆ ಸಂಬಂಧ ಮುರಿದ ಹಾಗೆಯೇ. ನನಗೆ ಆ ಹುಡುಗಿ ಬಹಳ ಹಿಡಿಸಿದ್ದಳು.

"ಒಂದು ಪೇನಾನೂ ಮುಗಿಸಿಲ್ಲ, ಅಷ್ಟರಲ್ಲಿ ಮಾವನ್ನ ಹಿಡ್ಕೊಂಡ್ಯಾ?" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಲ್ಕನೆಯದು ನೋಡಲು ಲಕ್ಷಣವಾಗಿಯೇ ಬಂತು. ಆದರೆ ನಿಬ್ಬಿನ ಭಾಗ ಒಡಲಿಗೆ ಸೇರುವ ತಿರುಪು ಸಡಿಲ. ನೇಯುವವರ ಮನೆಯಲ್ಲಿ ಏನೇ ಸಡಿಲವಾದರೂ ಮದ್ದು ಒಂದೇ: ಚಾಕುವಿನ ಹಿಡಿಗೆ ನೂಲು, ನಲ್ಲಿಗೆ ನೂಲು, ಮಂಚದ ಕಾಲಿಗೂ ನೂಲು. ಅಕ್ಕನಿಗೆ ಹೇಳದೆ ಎರಡು ಸುತ್ತು ನೂಲು ಸುತ್ತಿ ಬಿಗಿದು, ಪರೀಕ್ಷೆಗೆ ಕೊಟ್ಟು ಬಂದೆ.

ಮರುದಿನ ಹೋದರೆ ಜೇಬೆಲ್ಲ ನೀಲಿ. ನಿಶ್ಚಿತಾರ್ಥಕ್ಕೆ ಇನ್ನು ನಾಲ್ಕೇ ದಿನ. ಅಕ್ಕ ಪೇನಾ ಬಿಚ್ಚಿ ಒದ್ದೆ ನೂಲನ್ನು ಎಳೆದು ತೋರಿಸಿದರು. "ದೀಪದ ಬತ್ತಿ ಎಣ್ಣೆ ಕುಡಿಯೋದು ನೋಡಿಲ್ವಾ ಕಣ್ಣು? ಎಣ್ಣೆ ಕುಡಿಯೋ ನೂಲು ಶಾಯಿ ಬಿಡ್ತದಾ?"

ನಾನು ಸೋತು ಹೋಗಿದ್ದೆ. "ಅಕ್ಕ, ನೀವೇ ಒಂದು ಮಾಡಿಕೊಡಿ. ಯಾರಿಗೂ ಗೊತ್ತಾಗಲ್ಲ" ಎಂದೆ.

ಅವರ ನಗು ನಿಂತಿತು. "ಆ ಹುಡುಗಿಗೆ ಮೊದಲನೇ ದಿನವೇ ಸುಳ್ಳು ಕೊಡ್ತೀಯಾ? ಕೂರು ಇಲ್ಲಿ."

ಎರಡು ದಿನ ಮಗ್ಗದ ಕಡೆ ತಲೆ ಹಾಕಲಿಲ್ಲ, ಅಪ್ಪನ ಬೈಗುಳ ತಿಂದೆ. ತಿರುಪು ಕೊರೆಯುವಾಗ ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ, ಸಿಪ್ಪೆ ಊದಿ ತೆಗೆದು ಮತ್ತೆ ಮುಂದೆ. ನಾನು ಮುಂದಕ್ಕಷ್ಟೇ ಹೋಗಿ ಅಭ್ಯಾಸವಾದ ಮನುಷ್ಯ. ಅರ್ಧ ಸುತ್ತು ಹಿಂದೆ ಬರುವುದು ಅಷ್ಟು ಕಷ್ಟವೆಂದು ಗೊತ್ತೇ ಇರಲಿಲ್ಲ. ಕೊನೆಗೂ ಒಂದು ಪೇನಾ ಅಕ್ಕನ ಜೇಬು ಸೇರಿತು. ನೀಲಿಯಾದ ಜೇಬಿನೊಳಗೆ ಅವರು ಬಿಳಿ ಬಟ್ಟೆಯ ತುಂಡೊಂದನ್ನು ಮಡಿಸಿಟ್ಟಿದ್ದರು. ನಿಶ್ಚಿತಾರ್ಥದ ಬೆಳಿಗ್ಗೆ ತರಲು ಹೋದಾಗ ಆ ಬಟ್ಟೆ ಬೆಳ್ಳಗೇ ಇತ್ತು. ನೀವೂ ಬನ್ನಿ ಎಂದು ಕರೆದೆ. "ಶುಭಕ್ಕೆ ನಾನ್ಯಾಕೆ ಕಣ್ಣು... ನನ್ನ ಪರವಾಗಿ ಪೇನಾ ಬರ್ತದೆ" ಎಂದರು. ನನಗೆ ಕೋಪವೂ ಬಂತು, ಸಂಕಟವೂ ಆಯಿತು.

ಮೇಷ್ಟ್ರು ಪೇನಾ ತೆಗೆದುಕೊಂಡರು. "ಊಟ ಆಗಲಿ, ಆಮೇಲೆ ಬರೆಯೋಣ" ಎಂದು ತಮ್ಮ ಹಾಲಿನಂಥ ಬಿಳಿ ಅಂಗಿಯ ಜೇಬಿಗೆ ಸಿಕ್ಕಿಸಿದರು! ಊಟದಲ್ಲಿ ಏನೇನಿತ್ತೋ ನನಗೆ ನೆನಪಿಲ್ಲ. ಕಣ್ಣೆಲ್ಲ ಆ ಜೇಬಿನ ಮೇಲೆ. ಜೇಬು ಬೆಳ್ಳಗೆ ಉಳಿಯಿತು. ಪತ್ರಿಕೆ ಬರೆದಾಯಿತು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದಾಯಿತು. ಹುಡುಗಿಗೆ ಮಾತ್ರ ಒಂದು ಅನುಮಾನ ಉಳಿಯಿತಂತೆ. ಈ ಮನುಷ್ಯ ನನ್ನನ್ನು ನೋಡದೆ ನಮ್ಮಪ್ಪನ ಜೇಬನ್ನೇ ಯಾಕೆ ನೋಡುತ್ತಿದ್ದಾನೆ ಎಂದು!

ಪೇನಾ ಅಕ್ಕ ಹೋಗಿ ಬಹಳ ವರ್ಷಗಳಾದವು. ನನಗೆ ಸುದ್ದಿ ತಲುಪುವಷ್ಟರಲ್ಲಿ ಲೇತು ಹಳೇ ಕಬ್ಬಿಣಕ್ಕೆ ಹೋಗಿತ್ತು. ಏನಾದರೂ ಬೇಕೇ ಅಣ್ಣ ಎಂದು ಅವರ ಮಗಳು ಕೇಳಿದಳು. ನಾನು ಆ ಅಂಗಿ ಕೇಳಿ ತಂದೆ.

ಪಂಕ್ಚರ್ ಆದ ದಿನ ಮನೆಗೆ ಬಂದು ಬೀರು ತೆರೆದು ಅಂಗಿಯನ್ನು ಮೂಗಿಗೆ ಹಿಡಿದೆ. ಗಂಧಕದ ಘಾಟು ಹೋಗಿ ಬರೀ ನುಸಿಗುಳಿಗೆಯ ವಾಸನೆ ಉಳಿದಿತ್ತು. ನೀಲಿ ಕಲೆ ಮಾತ್ರ ಹಾಗೇ ಇತ್ತು. ಹಿಂದಿನಿಂದ ನನ್ನವಳು ಕೇಳಿದಳು:

"ಇನ್ನೂ ಜೇಬೇ ನೋಡ್ತಾ ಇದ್ದೀರಾ?"

ಹೂಂ ಎಂದೆ. ಜೇಬು ಮೇಲೆ ಬರುವಂತೆ ಅಂಗಿಯನ್ನು ಮಡಿಸಿಟ್ಟೆ.