ಕೊಳದೊಳಗಿನ ಜಾಯಿಂಟು

ಸುಮಾ, ಆ ಮೀನುಗಳು ಸತ್ತದ್ದು ನೀನು ಹಾಕಿದ ಮಂಡಕ್ಕಿಯಿಂದಲ್ಲ, ಆ ಪೊರಿಯಿಂದಲ್ಲ. ಕೊಂದವನು ನಾನು — ನಿನ್ನ ಚಿಕ್ಕಪ್ಪ. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಪೆರಂಬೂರಿನ ಹೊಸ ಮನೆಯ ಹಿತ್ತಿಲಲ್ಲಿ ನಿಮ್ಮಪ್ಪ ಕಟ್ಟಿಸಿದ ಪುಟ್ಟ ಮೀನಿನ ಕೊಳಕ್ಕೆ ದೀಪ ಹಾಕಿದವನು ನಾನೇ. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳಿಗೆ ವೈರು ಎಳೆಯುವವನಿಗೆ ಇದೇನು ಮಹಾ ಎಂಬ ಜಂಬ. ಕರೆಂಟು ಹೋದರೂ ಉರಿಯಲಿ ಎಂದು ಬ್ಯಾಟರಿಯಿಂದ ಎಳೆದೆ. "ಬರೀ ಹನ್ನೆರಡು ವೋಲ್ಟು ಅತ್ತಿಗೆ, ಮಗು ಕೈ ಹಾಕಿದ್ರೂ ಏನೂ ಆಗಲ್ಲ" ಎಂದೆ ನಿಮ್ಮಮ್ಮನಿಗೆ. ಅದು ಸುಳ್ಳಲ್ಲ. ಆದರೆ ನೀರಿನೊಳಗೆ ವೈರಿಗೆ ವೈರು ಸೇರುವ ಜಾಯಿಂಟನ್ನು ಡಬ್ಬಿಯಲ್ಲಿಟ್ಟು, ಅಂಟು ಸುರಿದು, ಅದು ಗಟ್ಟಿಯಾಗುವ ತನಕ ಒಂದು ದಿನ ಕಾಯಬೇಕು. ಅಂದು ಗೃಹಪ್ರವೇಶ; ನೆಂಟರೆಲ್ಲ ದೀಪ ನೋಡಲು ಕೊಳದ ಸುತ್ತ ನಿಂತುಬಿಟ್ಟಿದ್ದರು... ಬೋಗಿಗೆ ಸುತ್ತುವ ಹಾಗೆ ಟೇಪು ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ನೀರಿಗೆ ಇಳಿಸಿದೆ. ಬೋಗಿಯ ಮೇಲೆ ಬಿದ್ದ ಮಳೆ ಹರಿದುಹೋಗುತ್ತದೆ, ಕೊಳದ ನೀರು ಅಲ್ಲೇ ಕೂತಿರುತ್ತದೆ — ಇಷ್ಟೂ ಹೊಳೆಯಲಿಲ್ಲವೇ? ಹೊಳೆದಿತ್ತು. ನಾಳೆ ಸರಿಮಾಡಿದರಾಯಿತು ಎಂದುಕೊಂಡೆ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಆ ನಾಳೆ ಬರಲೇ ಇಲ್ಲ.

ಆಯುಧಪೂಜೆಗೆ ವರ್ಕ್‌ಶಾಪಿನಲ್ಲಿ ಹಂಚಿದ ಪೊರಿಯನ್ನು ನಾನೇ ತಂದುಕೊಟ್ಟಿದ್ದೆ. ನೀನು ಹಿಡಿ ಹಿಡಿ ಮಂಡಕ್ಕಿ ಮೀನಿಗೆ ಹಾಕಿ ಕುಣಿದೆ. ಮರುದಿನ ಬೆಳಿಗ್ಗೆ ಎಲ್ಲ ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಇವಳೇ ಕಣೋ, ಪೊರಿ ಹಾಕೀ ಹಾಕೀ ಸಾಯ್ಸಿಬಿಟ್ಳು!" ಎಂದರು ಅತ್ತಿಗೆ.

ನಾನು ವೈರು ಹಿಡಿದು ಮೇಲಕ್ಕೆಳೆದೆ. ಟೇಪು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಕಳಚಿ ಬಂತು. ಒಳಗಿನಿಂದ ಹಸಿರು ನೀರು. ಬ್ಯಾಟರಿಯ ಕರೆಂಟಿಗೆ ವೈರಿನ ತಾಮ್ರ ಅರ್ಧಕ್ಕರ್ಧ ಕರಗಿ ಕೊಳದ ನೀರು ಸೇರಿತ್ತು. ತಾಮ್ರದ ಚೊಂಬಿನಲ್ಲಿ ನೀರು ತುಂಬಬೇಡಿ, ಮೀನಿಗೆ ವಿಷ ಎಂದು ಮೀನು ಮಾರಿದವನು ಹೇಳಿದ್ದ. ಆ ಮಾತನ್ನು ಮನೆಯವರಿಗೆಲ್ಲ ದಾಟಿಸಿದವನೇ ನಾನು! ಆ ಜಾಯಿಂಟಿನ ತುಂಡು ಯಾರ ಕಣ್ಣಿಗೂ ಬೀಳದೆ ಯಾವಾಗ ನನ್ನ ಜೇಬು ಸೇರಿತೋ —

ಬೀದಿಯ ತಮಿಳು ಮಕ್ಕಳ ಜೊತೆ ಆಡಿ ಆಡಿ, ನಾವು ಕನ್ನಡದಲ್ಲಿ ಕೇಳಿದರೂ ನೀನು ತಮಿಳಲ್ಲೇ ಉತ್ತರಿಸುತ್ತಿದ್ದ ಕಾಲ ಅದು. ನನ್ನ ಅಂಗಿ ಹಿಡಿದು ಕೇಳಿದೆ: "ನಾನಾ ಕೊನ್ನೇನ್, ಚಿತ್ತಪ್ಪಾ?" ನಾನೇನಾ ಕೊಂದದ್ದು, ಚಿಕ್ಕಪ್ಪಾ, ಎಂದು.

"ಹೋಗ್ಲಿ ಬಿಡು ಪುಟ್ಟಿ, ಬೇಕೂಂತ ಮಾಡ್ಲಿಲ್ವಲ್ಲ" ಎಂದೆ. ನೀನು ಮಾಡದ ತಪ್ಪಿಗೆ ಕ್ಷಮೆ ಕೊಟ್ಟೆ, ಮಹಾ ದೊಡ್ಡ ಮನಸ್ಸಿನವನ ಹಾಗೆ. ಥೂ.

ಮಕ್ಕಳು ಮರೆಯುತ್ತಾರೆ ಎಂದುಕೊಂಡಿದ್ದೆ — ನನಗೆ ಅದೇ ಅನುಕೂಲ. ಮೊನ್ನೆ ದೇವಸ್ಥಾನದ ಕೊಳದ ಮೆಟ್ಟಿಲ ಮೇಲೆ ನಿನ್ನ ಮಗಳು ಪೊರಿ ಹಿಡಿದು ಬಗ್ಗಿದ್ದಳು. ನೀನು ಓಡಿಬಂದು ಅವಳ ಕೈಗೆ ಫಟ್ಟನೆ ಹೊಡೆದೆ. "ಪೋಡಾದೆ! ಮೀನ್ ಸೆತ್ತುಡುಂ!" ಹಾಕಬೇಡ, ಮೀನು ಸತ್ತುಹೋಗುತ್ತೆ. ನಿನ್ನ ಮುಖ ಬಿಳುಚಿಕೊಂಡಿತ್ತು. ಇಷ್ಟು ವರ್ಷ — ಇದನ್ನು ಹೊತ್ತುಕೊಂಡೇ ಇದ್ದೆಯಾ? ಆಗಲೂ ನಾನು ಸುಮ್ಮನೆ ನಿಂತಿದ್ದೆನಲ್ಲ!

ನಾಳೆ ಎನ್ನುವುದಿಲ್ಲ, ಇವತ್ತೇ ಬರುತ್ತೇನೆ. ಅತ್ತಿಗೆಯ ಎದುರಿಗೇ ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೋ, ತನ್ನ ಅಮ್ಮ ಯಾವ ಮೀನನ್ನೂ ಕೊಂದಿರಲಿಲ್ಲ ಎಂದು ಅವಳೂ ನನ್ನ ಬಾಯಿಂದಲೇ ಕೇಳಲಿ.