ಸವತಿಯಂಥ ಊರು

ಗಂಡನನ್ನು ಲಿಫ್ಟ್ ಕೂರಿಸುವ ಕೆಲಸಕ್ಕೆಂದು ಕಂಪನಿಯವರು ಕೆಲವು ತಿಂಗಳು ಪರದೇಶಕ್ಕೆ ಕಳಿಸಿದಾಗ ಟೈಲರಮ್ಮನಿಗೆ ಒಳಗೊಳಗೇ ಖುಷಿಯಾಗಿತ್ತು. ಉಪ್ಪು ಕಮ್ಮಿ, ಖಾರ ಜಾಸ್ತಿ ಅನ್ನುವ ಗೊಣಗಾಟವಿಲ್ಲದೆ ಮನೆಯಲ್ಲಿ ಹೊಲಿಗೆ ಸರಾಗವಾಗಿ ಸಾಗಿತ್ತು. ಹೋದ ಮನುಷ್ಯ ವಾಪಸೇನೋ ಬಂದ. ಆದರೆ ಬಂದದ್ದು ಮೈಯಷ್ಟೇ, ಮನಸ್ಸು ಅಲ್ಲೇ ಯಾವುದೋ ಬೀದಿಯಲ್ಲಿ ಉಳಿದುಬಿಟ್ಟಿತ್ತು.

"ಅಲ್ಲಿ ನದಿ ದಂಡೇಲಿ ಒಂದು ಮೀನಿನ ಸೂಪಿನ ಅಂಗಡಿ ಇದೆ ಕಣೇ. ಅಂಗಡಿಯೋಳಿಗೆ ನನ್ನ ಕಂಡ್ರೆ ಅಷ್ಟು ಅಕ್ಕರೆ."

ತಟ್ಟೆಯ ಮುಂದೆ ಕೂತರೆ ಇದೇ ರಾಗ. ಅಲ್ಲಿನ ಬ್ರೆಡ್ಡು ಮುರಿದರೆ ಕರಕ್ ಅನ್ನುತ್ತದಂತೆ. ಅಲ್ಲಿನ ಟ್ರಾಮಿನಲ್ಲಿ ಯಾರೂ ತಳ್ಳುವುದಿಲ್ಲವಂತೆ. ಅಲ್ಲಿ ಜನ ನಿಂತುಕೊಂಡೇ ಊಟ ಮಾಡುತ್ತಾರಂತೆ.

"ನೀವೂ ನಿಂತ್ಕೊಂಡೇ ಮಾಡಿ, ಬೇಡ ಅಂದೋರ್ಯಾರು?" ಅನ್ನುತ್ತಿದ್ದಳು ಅವಳು. ಅವನಿಗೆ ನಾಟಿದರೆ ತಾನೆ!

ಒಂದು ಭಾನುವಾರ ಆ ಮಹಾನುಭಾವ ತಾನೇ ಸೂಪು ಮಾಡಲು ಹೊರಟ. ಸಂತೆಯಿಂದ ಚೀಲದ ತುಂಬ ಮೀನಿನ ತಲೆ ತಂದು ದೊಡ್ಡ ಪಾತ್ರೆಯಲ್ಲಿ ಕುದಿಸಿಯೇ ಕುದಿಸಿದ. ಅಡುಗೆಮನೆಯ ಪಕ್ಕದ ಕೋಣೆಯಲ್ಲೇ ಹೊಲಿದಿಟ್ಟ ಬಟ್ಟೆಗಳು ತೂಗುತ್ತಿದ್ದವು. ಮಾರನೇ ದಿನ ಬ್ಯಾಂಕಿನ ಮೇಡಂ ಬಂದು, ಮಗಳ ರೇಷ್ಮೆ ಅಂಗಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು.

"ಏನ್ರೀ ಇದು, ಮೀನಂಗಡೀಲಿ ಕೂತು ಹೊಲಿದ್ರಾ?"

ಟೈಲರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಹೋದ ಮೇಲೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಆ ಸವತಿ ಊರನ್ನ ಒಂದ್ಸಲ ಕಣ್ಣಾರೆ ನೋಡೇಬಿಡ್ತೀನಿ. ಬಂದ್ಮೇಲೆ ಈ ಮನೇಲಿ ಅದರ ಸುದ್ದಿ ಎತ್ತಬಾರದು!"

ಬೈಗುಳದಲ್ಲಿ ಅವನಿಗೆ ಕೇಳಿಸಿದ್ದು ಪ್ರಯಾಣದ ಮಾತು ಮಾತ್ರ. ಕುಣಿದಾಡಿಬಿಟ್ಟ.

ಅಲ್ಲಿಗೆ ಹೋದರೆ ಬೇರೆಯದೇ ಕತೆ. ಪ್ರತಿ ಸಂದೂ ಗೊತ್ತು ಎಂದು ಕೊಚ್ಚಿಕೊಂಡಿದ್ದವನು ಗಡಿಯಾರದ ಗೋಪುರದ ಸುತ್ತಲೇ ಗಾಣದೆತ್ತಿನ ಹಾಗೆ ಸುತ್ತಿಸಿದ. ಹೊಸ ಚಪ್ಪಲಿ ಕಚ್ಚಿ ಅವಳ ಹಿಮ್ಮಡಿ ಸುಲಿಯಿತು. ಕೊನೆಗೆ ಅವಳೇ ನದಿಯ ದಾರಿ ಕೇಳಿ ಮುಂದೆ ನಡೆದಳು.

ಅಂಗಡಿಯ ಹೆಂಗಸನ್ನು ಕಂಡದ್ದೇ ಅವನು ಹಲ್ಲು ಕಿರಿದು ಎರಡೂ ಕೈ ಚಾಚಿದ. ಆಕೆ ಅವನನ್ನು ಯಾರೋ ಹೊಸ ಗಿರಾಕಿ ಎನ್ನುವಂತೆ ನೋಡಿ, ಎಷ್ಟು ಬಟ್ಟಲು ಎಂದು ಬೆರಳಲ್ಲೇ ಕೇಳಿದಳು. ಗಂಡನ ಮುಖ ಬಾಡಿದ ಸೊಪ್ಪಿನಂತಾಯಿತು. ಟೈಲರಮ್ಮನಿಗೆ ಪಾಪ ಅನ್ನಿಸಿತು. ಅದರ ಜೊತೆಗೇ, ಇಷ್ಟಕ್ಕಾ ನನ್ನ ಪ್ರಾಣ ತಿಂದದ್ದು ಎಂದು ಮೈ ಉರಿಯಿತು.

ಒಂದು ಗುಟುಕು ಕುಡಿದಳು. ಆಮೇಲೆ ಇನ್ನೊಂದು. ಅವಳನ್ನು ಎಲ್ಲಕ್ಕಿಂತ ಕೆರಳಿಸಿದ್ದು ಆ ಸೂಪು ನಿಜವಾಗಿಯೂ ಅಷ್ಟು ಚೆನ್ನಾಗಿದ್ದದ್ದು.

"ಹೇಗಿದೆ?" ಎಂದ ಗಂಡ ಸಣ್ಣ ದನಿಯಲ್ಲಿ.

"ಪರವಾಗಿಲ್ಲ" ಎಂದು ಬಟ್ಟಲನ್ನು ಎರಡನೇ ಸಲಕ್ಕೆ ಮುಂದೆ ಚಾಚಿದಳು. ಅಂಗಡಿಯವಳು ನಕ್ಕು ಬ್ರೆಡ್ಡಿನ ದಪ್ಪ ತುಂಡೊಂದನ್ನು ಜೊತೆಗಿಟ್ಟಳು.

ಮರುದಿನದಿಂದ ಅವನು ಹೋಟೆಲಿನ ಮಂಚ ಬಿಟ್ಟೇಳಲಿಲ್ಲ. "ಯಾಕೋ ಮೊದಲಿನ ಹಾಗಿಲ್ಲ. ಊರಿಗೆ ಹೋಗೋಣ ಕಣೇ, ಮನೆ ಊಟ ಬೇಕು ಅನ್ನಿಸ್ತಿದೆ."

"ಇದನ್ನ ಊರಲ್ಲೇ ಹೇಳೋಕೇನಾಗಿತ್ತು ನಿಮಗೆ!" ಎಂದು ರೇಗಿ ಒಬ್ಬಳೇ ಹೊರಟಳು. ಟ್ರಾಮಿನ ಕಿಟಕಿ ಪಕ್ಕ ಕೂತಳು, ದಾರಿ ತಪ್ಪಿದಳು, ತಪ್ಪಿದ ದಾರಿಯಲ್ಲೇ ಬಟ್ಟೆ ಗುಂಡಿಗಳ ಅಂಗಡಿಯೊಂದನ್ನು ಕಂಡು ಮಧ್ಯಾಹ್ನವಿಡೀ ಅಲ್ಲೇ ಕಳೆದಳು. ಸಂಜೆ ನದಿ ದಂಡೆಯಲ್ಲಿ ನಿಂತುಕೊಂಡೇ ಸೂಪು ಕುಡಿದಳು. ಮೂರನೇ ಸಂಜೆಯ ಹೊತ್ತಿಗೆ ಅಂಗಡಿಯವಳು ದೂರದಿಂದಲೇ ಸೌಟೆತ್ತಿ ಅವಳನ್ನು ಕರೆಯತೊಡಗಿದ್ದಳು.

ವಾಪಸು ಬಂದ ಮೇಲೆ ಗಂಡ ಅವಳು ಅಂದಿದ್ದ ಹಾಗೆಯೇ ಆ ಊರಿನ ಹೆಸರೆತ್ತಲಿಲ್ಲ. ಅವನು ಸುಮ್ಮನಿದ್ದದ್ದೂ ಅವಳಿಗೆ ಕಿರಿಕಿರಿಯೇ ಆಯಿತು. ಯಾರ ಹತ್ತಿರ ಮಾತಾಡುವುದು? ಕೊನೆಗೊಂದು ದಿನ ಊಟಕ್ಕೆ ಕೂತಾಗ ತಾನೇ ಬಾಯಿಬಿಟ್ಟಳು. "ಅಲ್ರೀ, ಅಲ್ಲಿ ನದಿ ಸೇತುವೆ ಆಚೆ ಏನಿದೆ? ನಾನು ನೋಡಲೇ ಇಲ್ಲ."

ಗಂಡ ತುತ್ತು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರುಮಾಡಿದ.