ಒಂದೇ ಸಲ ತೊಳೆದ ಕೈ

ಮೊದಲು ಒಡೆದದ್ದು ಬಲಗೈ ಹೆಬ್ಬೆರಳಿನ ಗೆಣ್ಣು. ಚಳಿಗಾಲ, ಒಡೆಯುವುದೇ ಎಂದುಕೊಂಡೆ. ಆಮೇಲೆ ಅಂಗೈ. ಆಮೇಲೆ ಬೆರಳ ಸಂದುಗಳು. ಸಿರಿಂಜ್ ಹಿಡಿದರೆ ರಕ್ತ ಜಿನುಗತೊಡಗಿತು.

ನಾನು ಹಾನಗಲ್ಲಿನ ದವಾಖಾನೆಯೊಂದರಲ್ಲಿ ನರ್ಸ್. ಯಜಮಾನರು ತಿಳವಳ್ಳಿ ಶಾಲೆಯಲ್ಲಿ ಮಾಸ್ತರು, ಶನಿವಾರದ ಬಸ್ಸಿಗೆ ಬಂದು ಸೋಮವಾರ ಹೋಗುವವರು. ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು ನೀಲಾ.

ಮೊದಲೇ ನನ್ನದು ಅಂಜುಬುರುಕ ಜೀವ. ಹೆದರಿದವರ ಮೇಲೆ ಹಾವು ಎಸೆದಂತೆ, ಆ ದೀಪಾವಳಿ ಮುಗಿಯುತ್ತಲೇ ವಾರ್ಡಿಗೆ ಡಿಫ್ತೀರಿಯಾದ ಹುಡುಗಿಯೊಬ್ಬಳು ಬಂದಳು. ನೀಲಾಳದೇ ವಯಸ್ಸು. ಎರಡು ದಿನ ನನ್ನ ಬೆರಳು ಹಿಡಿದುಕೊಂಡೇ ಮಲಗಿದ್ದಳು.

ಮೂರನೆಯ ದಿನ ಬೆರಳು ಬಿಟ್ಟಳು.

ಅಂದಿನಿಂದ ಎಲ್ಲವೂ ಸಿರಿಂಜ್ ಕುದಿಸುವ ಪಾತ್ರೆಯ ಹಬೆಯೊಳಗೆ ನಡೆದಂತೆ ಕಾಣುತ್ತಿತ್ತು. ಡ್ಯೂಟಿ ಮುಗಿಸಿ ಕೆರೆ ಏರಿಯ ಮೇಲೆ ಬರುವಾಗ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಸಂಜೆ ಬಿಸಿಲಿನಲ್ಲಿ ನನ್ನ ಕೈಯಿಂದ ಸಣ್ಣ ಧೂಳು ಎದ್ದು, ನನಗಿಂತ ಮುಂದೆ ತೇಲುತ್ತ ಹೋಗಿ, ಮನೆಯಲ್ಲಿದ್ದ ನೀಲಾಳ ಕೂದಲ ಮೇಲೆ ಇಳಿಯುವುದು ಕಾಣುತ್ತಿತ್ತು. ಸುಳ್ಳೆಂದು ಗೊತ್ತಿತ್ತು. ಆದರೂ ಕಾಣುತ್ತಿತ್ತು. ದವಾಖಾನೆಯಲ್ಲಿ ತೊಳೆದ ಕೈಯನ್ನು ಮನೆಯ ಹಿತ್ತಿಲಲ್ಲಿ ಮತ್ತೆ ತೊಳೆಯುತ್ತಿದ್ದೆ. ಒಂಬತ್ತು ಸಲ, ಹನ್ನೆರಡು ಸಲ. ಅಷ್ಟಾದರೂ ಮಗಳನ್ನು ಮುಟ್ಟಲು ಧೈರ್ಯವಾಗದು. ಊರ ಬಾಣಂತಿಯರಿಗೆಲ್ಲ ಧೈರ್ಯ ಹೇಳುವ ನರ್ಸಬಾಯಿಯ ಮನೆಯ ಕಥೆ ಇದು.

ಅತ್ತೆಗೆ ಸಿಟ್ಟು ಬಂತು. "ನಮ್ಮ ಲಿಂಗಾಯತರಾಗ ಸೂತಕನ ಇಲ್ಲ. ಸತ್ತವರ್ನೂ ಮುಟ್ಟತೇವಿ, ಹಡದವರ್ನೂ ಮುಟ್ಟತೇವಿ. ನೀ ಯಾವ ಮೈಲಿಗಿ ತೊಳ್ಯಾಕತ್ತೀಯವ್ವಾ?"

ಮೈಲಿಗೆಯಲ್ಲ, ಜರ್ಮ್ಸ್ ಎಂದೆ.

"ಹೆಸರು ಬ್ಯಾರೆ ಇಟ್ಟಿ, ಅಷ್ಟ" ಎಂದರು.

ಯಜಮಾನರು ನೌಕರಿ ಬಿಟ್ಟುಬಿಡು ಎಂದರು. ಬಿಡಲಾರೆ. ಹೆರಿಗೆ ಕೋಣೆಯಲ್ಲಿ ಕೂಸು ಮೊದಲ ಸಲ ಅತ್ತಾಗ ಮಾತ್ರ ನನ್ನ ಸುತ್ತಲಿನ ಹಬೆ ಸರಿಯುತ್ತಿತ್ತು. ಅದೊಂದನ್ನೂ ಬಿಟ್ಟಿದ್ದರೆ ನಾನು ಉಳಿಯುತ್ತಿರಲಿಲ್ಲ.

ಒಂದು ರವಿವಾರ ನೀಲಾ ಅಂಗಳದ ಮಣ್ಣಿನಲ್ಲಿ ಆಡುತ್ತಿದ್ದಳು. ಅಂದು ಧೈರ್ಯ ಮಾಡಿ ಕೈ ಚಾಚಿದೆ. ಅವಳು ಹಿಂದೆ ಸರಿದಳು.

"ಬ್ಯಾಡವ್ವಾ. ನಾ ಇನ್ನೂ ತೊಳಕೊಂಡಿಲ್ಲ."

ಮರುದಿನ ಡಾಕ್ಟರ ಮುಂದೆ ಕೈ ಹಿಡಿದು ನಿಂತೆ. "ಎಷ್ಟು ಸಲ ತೊಳಕೋತೀರಿ, ಸಿಸ್ಟರ್?" ಎಂದರು. "ಎಣಿಸಿಲ್ಲರಿ" ಎಂದು ಸುಳ್ಳು ಹೇಳಿದೆ. ಮುಲಾಮು ಬರೆದುಕೊಟ್ಟು ಅವರು ಹೇಳಿದರು: "ಇದು ಬರೇ ಎಕ್ಜಿಮಾ ಅಲ್ಲರಿ, ಆಂಗ್ಝೈಟಿ, ಮನಸಿನ ಅಂಜಿಕಿ. ಇಲ್ಲಿಂದ ಹೋಗೂಮುಂದ ಒಂದು ಸಲ ಚೊಲೋತಂಗ ತೊಳಕೋರಿ. ಅದು ಮಗಳ ಸಲುವಾಗಿ. ಎರಡನೇದ್ದು ಅಂಜಿಕಿಗೆ ಉಣ್ಣಾಕ ಹಾಕಿದಂಗ."

ಹೇಳಿದಷ್ಟು ಸುಲಭವಿರಲಿಲ್ಲ. ಹನ್ನೆರಡು ಹತ್ತಾಯಿತು, ಹತ್ತು ಆರಾಯಿತು, ಒಂದು ವಾರ ಮತ್ತೆ ಹದಿನೈದಾಯಿತು. ಅತ್ತೆ ಬೈಯುವುದನ್ನು ಬಿಟ್ಟು, ಹಿತ್ತಿಲ ಕಲ್ಲಿನ ಮೇಲೆ ಕುಳಿತು ತಾವೇ ತಂಬಿಗೆ ಹಿಡಿದು ನೀರು ಹಾಕುತ್ತಿದ್ದರು. ಸಾಕೆನಿಸಿದಾಗ ತಂಬಿಗೆ ಕೆಳಗಿಡುತ್ತಿದ್ದರು. ಆ ಹಿರಿಯ ಜೀವದ ಉಪಕಾರ ನಾನು ಮರೆಯಲಾರೆ.

ಹೋದ ತಿಂಗಳು ನಾನು ಡ್ಯೂಟಿಯಿಂದ ಬರುವ ಹೊತ್ತಿಗೆ ಸರಿಯಾಗಿ ನೀಲಾ ಕಟ್ಟೆಯಿಂದ ಬಿದ್ದಳು. ಮೊಣಕಾಲು ತರಚಿತ್ತು. ಅಳುತ್ತ ನನ್ನತ್ತ ಓಡಿಬಂದವಳು, ನಾಲ್ಕು ಹೆಜ್ಜೆ ದೂರವಿರುವಾಗ ತಾನಾಗಿಯೇ ನಿಂತಳು. ತುಟಿ ಕಚ್ಚಿಕೊಂಡು, ನಾನು ಹಿತ್ತಿಲಿಗೆ ಹೋಗಲೆಂದು ದಾರಿ ಬಿಟ್ಟಳು.

ನಾನು ಹಿತ್ತಿಲಿಗೆ ಹೋಗಲಿಲ್ಲ.

ಎತ್ತಿಕೊಂಡೆ. ಇಷ್ಟು ಭಾರವಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅಂಜಿಕೆ ಹೋಗಿರಲಿಲ್ಲ, ಈಗಲೂ ಪೂರ್ತಿ ಹೋಗಿಲ್ಲ. ಅವಳು ಅಳು ನಿಲ್ಲಿಸಿ ನನ್ನ ಎದೆಗೆ ಕಿವಿಯಿಟ್ಟಳು.

"ಅವ್ವಾ, ಒಳಗ ಯಾರೋ ಓಡಾಕತ್ತಾರ."

"ಓಡ್ಲಿ ಬಿಡು" ಎಂದೆ. "ನಾವು ಇಲ್ಲೇ ಕುಂದ್ರೋಣು."